ಶಾಲಾ ಅಭಿವೃದ್ಧಿ ಯೋಜನೆ ಎಂದರೇನು?

ಮುಂದಿನ ಮೂರು ವರ್ಷ ಶಾಲೆಗೆ ಎಷ್ಟು ಮಕ್ಕಳು ಬರುತ್ತಾರೆ, ಅವರಿಗೆ ಎಷ್ಟು ಶಿಕ್ಷಕರು, ಕೊಠಡಿಗಳು, ಹಣ ಬೇಕು ಎಂದು ಶಾಲೆಯ ಸಮಿತಿಯೇ ಲೆಕ್ಕ ಹಾಕಿ ಬರೆಯುವ ದಾಖಲೆ ಇದು. ಶಿಕ್ಷಣ ಹಕ್ಕು ಕಾಯ್ದೆ, 2009ರ 22ನೇ ಸೆಕ್ಷನ್ ಈ ಕೆಲಸವನ್ನು ಶಾಲಾ ನಿರ್ವಹಣಾ ಸಮಿತಿಗೆ ಒಪ್ಪಿಸಿದೆ. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು ಇರಬೇಕು. ಕರ್ನಾಟಕದಲ್ಲಿ ಜನ ಇದನ್ನು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಎಂದೇ ಕರೆಯುತ್ತಾರೆ.

1994ರಲ್ಲಿ ಶುರುವಾದ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ), ಯೋಜನೆ ರೂಪಿಸುವ ಕೆಲಸವನ್ನು ರಾಜ್ಯದಿಂದ ಜಿಲ್ಲೆಗೆ ಇಳಿಸಿತ್ತು. ಸರ್ವ ಶಿಕ್ಷಾ ಅಭಿಯಾನ ಅದನ್ನು ಜನವಸತಿಗೆ ತಂದಿತು, ಕಾಯ್ದೆ ಶಾಲೆಯ ಬಾಗಿಲಿಗೇ ತಂದು ನಿಲ್ಲಿಸಿತು.

ಯೋಜನೆಯ ಜೀವ ಇರುವುದು ತರಗತಿವಾರು ಅಂದಾಜಿನಲ್ಲಿ. ಒಂದರಿಂದ ಐದನೇ ತರಗತಿವರೆಗಿನ ಒಂದು ಶಾಲೆಯಲ್ಲಿ 64 ಮಕ್ಕಳಿದ್ದಾರೆ ಎನ್ನಿ. ಕಾಯ್ದೆಯ ಪ್ರಕಾರ 60ರವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರು. ಹಾಗಾಗಿ ಮೂವರು ಬೇಕು. ಆದರೆ ಈ ವರ್ಷ ಐದನೇ ತರಗತಿಯ 15 ಮಕ್ಕಳು ಹೊರಟು, ಅಂಗನವಾಡಿಯಿಂದ 9 ಮಕ್ಕಳಷ್ಟೇ ಬಂದರೆ ಮುಂದಿನ ವರ್ಷ ಉಳಿಯುವುದು 58. ಮೂರನೆಯ ಹುದ್ದೆಗೆ ಆಧಾರವೇ ಇಲ್ಲ! ಅದಕ್ಕೇ ಅಂಗನವಾಡಿಯ ದಾಖಲಾತಿ ಪುಸ್ತಕ, ಗುಳೆ ಹೋಗುವ ಮನೆಗಳು, ಖಾಸಗಿ ಶಾಲೆಯ ಬಸ್ಸು ಹತ್ತುವ ಮಕ್ಕಳು, ಎಲ್ಲವನ್ನೂ ಎಣಿಸಬೇಕು. ಶಿಕ್ಷಕರ ಅಗತ್ಯವನ್ನು 1–5 ಮತ್ತು 6–8ಕ್ಕೆ ಬೇರೆ ಬೇರೆ ಬರೆದು, ಕಟ್ಟಡ, ಸಲಕರಣೆ, ಸಮವಸ್ತ್ರ, ಪಠ್ಯಪುಸ್ತಕದ ಖರ್ಚನ್ನು ವರ್ಷವಾರು ತೋರಿಸಬೇಕು. ಆರ್ಥಿಕ ವರ್ಷ ಮುಗಿಯುವುದರೊಳಗೆ ಸಮಿತಿಯ ಅಧ್ಯಕ್ಷರು ಅಥವಾ ಉಪಾಧ್ಯಕ್ಷರು, ಜೊತೆಗೆ ಸಂಚಾಲಕರು ಸಹಿ ಹಾಕಿ ಸ್ಥಳೀಯ ಪ್ರಾಧಿಕಾರಕ್ಕೆ ಕೊಡಬೇಕೆಂಬುದು ಕೇಂದ್ರದ ಮಾದರಿ ನಿಯಮ.

ಎಡವುವುದು ಎರಡು ಕಡೆ. ಮುಖ್ಯಶಿಕ್ಷಕರು ಹಳೆಯ ಅಂಕಿಗಳನ್ನೇ ನಕಲು ಮಾಡಿ ಸಭೆಯಿಲ್ಲದೆ ಸಹಿ ಹಾಕಿಸಿಕೊಳ್ಳುವುದು ಒಂದು. ಆಗ ಶೌಚಾಲಯಕ್ಕೆ ನೀರಿಲ್ಲ ಎನ್ನುವ ತಾಯಂದಿರ ಮಾತು ಕಾಗದಕ್ಕೆ ಇಳಿಯುವುದೇ ಇಲ್ಲ. ಇನ್ನೊಂದು ತೊಡಕು ಮೇಲಿನದು, ಅದೇ ದೊಡ್ಡದು. ತಾಲ್ಲೂಕು, ಜಿಲ್ಲೆ, ರಾಜ್ಯ ದಾಟುವಷ್ಟರಲ್ಲಿ ಶಾಲೆಯ ಬೇಡಿಕೆ ಒಟ್ಟು ಮೊತ್ತಗಳಲ್ಲಿ ಕರಗಿಹೋಗುತ್ತದೆ. ಶಾಲಾ ಶಿಕ್ಷಣಕ್ಕೆ ಕೇಂದ್ರ ನಡೆಸುವ ಸಮಗ್ರ ಶಿಕ್ಷಾ ಯೋಜನೆಯ ಹಣಕ್ಕೆ ಕೊನೆಯ ಒಪ್ಪಿಗೆ ದೆಹಲಿಯ ಯೋಜನಾ ಅನುಮೋದನಾ ಮಂಡಳಿಯದು. ಹುದ್ದೆ ಮಂಜೂರು ಮಾಡುವುದು ರಾಜ್ಯ. ಸಮಿತಿಯ ಕೈಗೆ ನೇರವಾಗಿ ಸಿಗುವುದು ಹೆಚ್ಚೆಂದರೆ ಶಾಲಾ ಅನುದಾನ: 101ರಿಂದ 250 ಮಕ್ಕಳಿದ್ದರೆ ವರ್ಷಕ್ಕೆ 50,000 ರೂಪಾಯಿ. ಇದಕ್ಕೆ ವಿಕೇಂದ್ರೀಕರಣ ಎನ್ನುವುದಕ್ಕಿಂತ ಅರ್ಜಿ ಬರೆಯುವ ಅಧಿಕಾರ ಎನ್ನುವುದೇ ಸರಿ.

ಆ ಅರ್ಜಿಗಾದರೂ ಬೆಲೆ ಬರಬೇಕೆಂದರೆ, ಸ್ವೀಕೃತಿ ಮುದ್ರೆ ಬಿದ್ದ ಒಂದು ಪ್ರತಿ ಶಾಲೆಯ ಕಡತದಲ್ಲಿರಲಿ. ಕೇಳಿದ್ದರಲ್ಲಿ ಏನು ಬಂತು, ಏನು ಬರಲಿಲ್ಲ ಎಂದು ಮುಂದಿನ ವರ್ಷ ತಾಳೆ ನೋಡಲು ಬೇರೆ ದಾಖಲೆ ಇರುವುದಿಲ್ಲ.