ಕಲಬುರಗಿ ಬಿಸಿಲು ಕಂಡವರಿಗೆ ಮರುಭೂಮಿಯ ಬೆಟ್ಟದಲ್ಲಿ ನೀರು ಕಡಿಮೆ ಸಾಕಾ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಈಜಿಪ್ಟಿನ ಸಿನಾಯ್ ಬೆಟ್ಟ ಹತ್ತಬೇಕು ಅಂತಿದ್ದೀವಿ. ನಾವು ಕಲಬುರಗಿಯವರು, ಮೇ ತಿಂಗಳ ಬಿಸಿಲಲ್ಲೂ ಓಡಾಡಿದವರು. ನಮಗೂ ಅಷ್ಟೊಂದು ನೀರು ಬೇಕಾ?

ಬೇಕು. ಬೇರೆಯವರಿಗಿಂತ ಸ್ವಲ್ಪ ಜಾಸ್ತಿಯೇ ಬೇಕಾದೀತು.

ಬಿಸಿಲು ಮೈಗೆ ರೂಢಿಯಾಗುವುದು ನಿಜ. ಒಂದೆರಡು ವಾರ ಬಿಸಿಲಲ್ಲಿ ದುಡಿದರೆ ಸಾಕು. ಆದರೆ ರೂಢಿಯಾದ ಮೈ ಮಾಡುವುದೇನು ಗೊತ್ತಾ? ಬೇಗ ಬೆವರುತ್ತದೆ, ಜಾಸ್ತಿ ಬೆವರುತ್ತದೆ. ಉಪ್ಪನ್ನು ಉಳಿಸಿಕೊಳ್ಳುತ್ತದೆ, ನೀರನ್ನಲ್ಲ. ಇನ್ನು ಬೇಸಿಗೆಯೆಲ್ಲ ಕೂಲರ್ ಮುಂದೆ ಕೂತವರಿಗೆ ಆ ರೂಢಿಯೂ ಇರುವುದಿಲ್ಲ, ಬಿಡಿ.

ಮರುಭೂಮಿಯ ಒಣ ಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯುವುದಿಲ್ಲ, ಹಾಗೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗಿಲ್ಲ ಅಂತ ಸುಮ್ನಿರಬೇಡಿ. ಟೋಪಿಯ ಅಂಚಿನಲ್ಲಿ, ಬ್ಯಾಗಿನ ಪಟ್ಟಿ ಕೂತ ಜಾಗದಲ್ಲಿ ಬಿಳಿ ಗೆರೆ ಕಂಡರೆ ಅದು ಬೆವರಿನ ಉಪ್ಪು.

ಸಿನಾಯ್ ಬೆಟ್ಟದಲ್ಲಿ ಇನ್ನೊಂದು ಪೇಚಿದೆ. ಎತ್ತರ 2,285 ಮೀಟರ್. ಸೂರ್ಯೋದಯ ನೋಡಲು ಹೆಚ್ಚಿನವರು ನಡುರಾತ್ರಿ ಕಳೆದ ಮೇಲೆ ಹೊರಡುತ್ತಾರೆ. ಒಂಟೆ ದಾರಿ ಮುಗಿದ ಮೇಲೂ ಸುಮಾರು 750 ಕಲ್ಲಿನ ಮೆಟ್ಟಿಲು ಉಳಿದಿರುತ್ತವೆ. ಚಳಿಗಾಲದಲ್ಲಂತೂ ತುದಿಯಲ್ಲಿ ಹಲ್ಲು ಕಟಕಟ ಅನ್ನುತ್ತವೆ. ಸ್ವೆಟರ್ ಇರಲಿ. ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಯಾರೂ ಸರಿಯಾಗಿ ಕುಡಿಯುವುದಿಲ್ಲ. ಇಳಿಯುವಾಗ ನೆತ್ತಿ ಮೇಲೆ ಬಿಸಿಲು, ಸುತ್ತ ಕಾದ ಬಂಡೆ. ಹತ್ತುವಾಗ ಗುಟುಕು ಗುಟುಕಾಗಿ ಕುಡಿಯುತ್ತಿರಿ, ಅರ್ಧ ನೀರನ್ನು ಇಳಿಯುವುದಕ್ಕೆ ಎತ್ತಿಡಿ.

ಬಿಸಿಲಲ್ಲಿ ನಡೆಯುವಾಗ ಗಂಟೆಗೆ ಅರ್ಧದಿಂದ ಒಂದು ಲೀಟರ್ ಲೆಕ್ಕ. ಬರೀ ನೀರನ್ನೇ ಗಟಗಟ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ಬೇರೆ ತಾಪತ್ರಯ. ಜೊತೆಗೆ ಉಪ್ಪು ಹಾಕಿ ಹುರಿದ ಶೇಂಗಾ ಇರಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯೂ ಕೆಡುವುದಿಲ್ಲ, ಆದರೆ ಗಂಟಲಲ್ಲಿ ಇಳಿಸಲು ಮತ್ತೆ ನೀರೇ ಬೇಕು! ಜೊತೆಗಿದ್ದವರು ತೊದಲುತ್ತಾ ಅಸಂಬದ್ಧವಾಗಿ ಮಾತಾಡಿದರೆ ಅದು ಬರೀ ಆಯಾಸವಲ್ಲ, ಬಿಸಿಲಿನ ಹೊಡೆತ (ಹೀಟ್ ಸ್ಟ್ರೋಕ್) ಇರಬಹುದು. ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, ಗಾಳಿ ಬೀಸಿ, ತಕ್ಷಣ ವೈದ್ಯರ ನೆರವು ಪಡೆಯಿರಿ.

ನಿಮ್ಮ ಮೈಯ ಲೆಕ್ಕ ಬೇಕಾ? ಹೋಗುವ ಮೊದಲು ಒಂದು ಬೆಳಿಗ್ಗೆ ಯಾದಗಿರಿ ಕೋಟೆಯ ಬೆಟ್ಟ ಹತ್ತಿ ಇಳಿಯಿರಿ. ಮೊದಲೊಮ್ಮೆ, ಆಮೇಲೆ ಬೆವರು ಒರೆಸಿಕೊಂಡು ಒಮ್ಮೆ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹೋಗಿದೆ. ನಡುವೆ ಕುಡಿದದ್ದನ್ನೂ ಅದಕ್ಕೆ ಕೂಡಿಸಿ, ಗಂಟೆಗಳಿಂದ ಭಾಗಿಸಿ.