ಹಾರ್ಡ್ ಡಿಸ್ಕ್ ಹೋಗಿದೆ ಅನ್ನೋಕೆ ಮುಂಚೆ ಟೈಮ್ ನೋಡಿ

"ಸಾರ್, ಸಿಸ್ಟಂ ಆನ್ ಆಗ್ತಿಲ್ಲ" ಅಂತ ಫೋನ್ ಬಂದ್ರೆ ನಾನು ಮೊದಲು ಕೇಳೋದು ಎಲ್ಲಿವರೆಗೆ ಬಂದು ನಿಲ್ತಿದೆ ಅಂತ. ಫ್ಯಾನೇ ತಿರುಗ್ತಿಲ್ಲ ಅಂದ್ರೆ ಸ್ವಿಚ್ಚು, ಯುಪಿಎಸ್, ಎಸ್ಎಂಪಿಎಸ್ (ಸಿಸ್ಟಂಗೆ ಕರೆಂಟ್ ಕೊಡೋ ಒಳಗಿನ ಡಬ್ಬಿ) ಕಡೆ ನೋಡ್ಬೇಕು. ಫ್ಯಾನ್ ತಿರುಗಿ ಡಿಸ್ಪ್ಲೇ ಬರ್ತಿಲ್ಲ ಅಂದ್ರೆ ಕರೆಂಟ್ ಕೇಬಲ್ ಕಿತ್ತು ರ‍್ಯಾಮ್ ಬಿಚ್ಚಿ, ಅದರ ಹೊಳೆಯೋ ಪಟ್ಟೀನ ಮಕ್ಕಳ ರಬ್ಬರ್‌ನಲ್ಲಿ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಅನ್ನೋವರೆಗೂ ಒತ್ತಿ ಕೂರಿಸಿ, ಎಷ್ಟೋ ಸಿಸ್ಟಂ ಇಷ್ಟಕ್ಕೇ ಎದ್ದು ಕೂತಿವೆ.

ಡಿಸ್ಪ್ಲೇ ಬಂದು "ಬೂಟ್ ಡಿವೈಸ್ ಇಲ್ಲ", ಅಂದ್ರೆ ವಿಂಡೋಸ್ ಶುರು ಮಾಡೋಕೆ ಡಿಸ್ಕ್ ಸಿಕ್ತಿಲ್ಲ, ಅಂತ ಬಂದ್ರೆ ಮಾತ್ರ ಜನ ಗಾಬರಿ ಬೀಳ್ತಾರೆ. ಹೋದ್ವಾರ ಒಬ್ರು ಡಿಟಿಪಿಯವರು ಹಂಗೇ ಬಂದ್ರು, ಬೇರೆ ಕಡೆ ಡಿಸ್ಕ್ ಸತ್ತಿದೆ, ಹೊಸದು ಹಾಕ್ಬೇಕು ಅಂದಿದ್ರಂತೆ, ಮದುವೆ ಕಾರ್ಡಿನ ಫೈಲೆಲ್ಲಾ ಅದರಲ್ಲೇ. ಬಯೋಸ್, ಅಂದ್ರೆ ವಿಂಡೋಸ್‌ಗೂ ಮುಂಚೆ ಓಡೋ ಬೋರ್ಡಿನ ಸೆಟ್ಟಿಂಗ್ ಪರದೆ, ಅದರೊಳಗೆ ಹೋದೆ. ಡಿಸ್ಕ್ ಹೆಸರು ನೀಟಾಗಿ ಕಾಣ್ತಿದೆ! ಮೇಲೆ ಡೇಟ್ ನೋಡಿದ್ರೆ 2013ರ ಜನವರಿ 1.

ಅಲ್ಲೇ ಸಿಕ್ತು. ಮದರ್‌ಬೋರ್ಡಲ್ಲಿ ರೂಪಾಯಿ ನಾಣ್ಯದ ಥರ ಇರೋ ಸಿಆರ್2032 ಸೆಲ್, 3 ವೋಲ್ಟಿಂದು, ಮೀಟರ್ ಇಟ್ರೆ 2.1 ತೋರಿಸ್ತು. ಆ ಸೆಲ್ ಹೋದ್ರೆ ಟೈಮ್ ಅಷ್ಟೇ ಅಲ್ಲ, ಹಳೇ ಬೋರ್ಡುಗಳಲ್ಲಿ ಬಯೋಸ್ ಸೆಟ್ಟಿಂಗೂ ಮರೆತು ಡೀಫಾಲ್ಟಿಗೆ ಬರುತ್ತೆ. ಇವರ ವಿಂಡೋಸ್ ಹಾಕಿದ್ದು ಲೆಗಸಿ ಅನ್ನೋ ಹಳೇ ಬೂಟ್ ಮೋಡಲ್ಲಿ, ಬೋರ್ಡ್ ಹೋಗಿ ನಿಂತಿದ್ದು ಯುಇಎಫ್ಐ ಅನ್ನೋ ಹೊಸ ಮೋಡಿಗೆ, ಹಂಗಾಗಿ ಡಿಸ್ಕ್ ಕಣ್ಣೆದುರೇ ಇದ್ರೂ ಅದ್ರಿಂದ ಬೂಟ್ ಆಗ್ತಿರ್ಲಿಲ್ಲ. ಸೆಲ್ ಹಾಕಿ, ಡೇಟ್ ಸರಿಮಾಡಿ, ಲೆಗಸಿ ಕೊಟ್ಟೆ, ಕಾರ್ಡ್ ಫೈಲ್ ಎಲ್ಲಾ ಇದ್ದಲ್ಲೇ ಇತ್ತು.

"ಮುಂಚೆ ಏನಾದ್ರೂ ಗೊತ್ತಾಗಿತ್ತಾ?" ಅಂದೆ. ದಿನಾ ಬೆಳಿಗ್ಗೆ ಟೈಮ್ ತಪ್ಪಿರ್ತಿತ್ತಂತೆ, ಡೇಟ್ ತಪ್ಪಿದ್ದಕ್ಕೆ ಬ್ರೌಸರ್ ಬೇರೆ ಸೈಟ್ ಸೇಫ್ ಇಲ್ಲ ಅಂತಿತ್ತಂತೆ, ಇವ್ರು ನೆಟ್ಟಿನವರಿಗೆ ಬೈಕೊಂಡು ಸುಮ್ನಿದ್ರು. ರಾತ್ರಿ ಗೋಡೆ ಸ್ವಿಚ್ ಆಫ್ ಮಾಡೋರ ಸೆಲ್ ಬೇಗ ಇಳಿಯುತ್ತೆ, ಕರೆಂಟ್ ಇರೋವಾಗ ಗಡಿಯಾರ ಎಸ್ಎಂಪಿಎಸ್‌ನಿಂದಲೇ ನಡೆಯುತ್ತಲ್ಲ. ಹಂಗಂತ ಸಿಡಿಲು ಬರೋವಾಗ ಆಫ್ ಮಾಡ್ದೇ ಬಿಡ್ಬೇಡಿ ಮಾರಾಯ್ರೇ, ಸೆಲ್‌ಗೆ ಐವತ್ತು ರೂಪಾಯಿ ಒಳಗೇ ಆಗುತ್ತೆ, ಬೋರ್ಡಿಗೆ ಸಾವಿರಗಟ್ಟಲೆ.

ಹೊಸ ಲ್ಯಾಪ್‌ಟಾಪ್ ಇರೋರು ಮಾತ್ರ ಇದನ್ನ ನೋಡಿ ಬಯೋಸಲ್ಲಿ ಕೈಯಾಡಿಸ್ಬೇಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕೋ ವಿಂಡೋಸ್ ಸೌಲಭ್ಯ) ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಕೇಳ್ಬಹುದು, ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಇರುತ್ತೆ, ಮೊದಲು ಅದನ್ನ ಒಂದು ಚೀಟೀಲಿ ಬರ್ಕೊಂಡು ಆಮೇಲೆ ಅಂಗಡಿಗೆ ತನ್ನಿ.