ಬಾತುಬೇಟೆ ಮುಗಿದ ಮೇಲಿನ ಏಳು ತಿಂಗಳು

ಅಮೆರಿಕದ ಲೂಸಿಯಾನಾ ರಾಜ್ಯದ ಕರಾವಳಿ ಜೌಗಿನಲ್ಲಿ ಬಾತುಬೇಟೆಯ ಮುಖ್ಯ ಸೀಸನ್ ಹೆಚ್ಚುಕಡಿಮೆ ಜನವರಿ ಕೊನೆಗೆ ಮುಗಿಯುತ್ತದೆ. ಮತ್ತೆ ಬಂದೂಕು ಹೊರಬರುವುದು ಸೆಪ್ಟೆಂಬರಿನಲ್ಲಿ, ಟೀಲ್ ಎಂಬ ಪುಟ್ಟ ಬಾತುಗಳು ಬಂದಾಗ. ಅಲ್ಲಿಯವರೆಗೆ ಎಷ್ಟೋ ಜನರ ದೋಣಿ ಟಾರ್ಪಾಲಿನ ಅಡಿ ಸುಮ್ನೆ ಬಿದ್ದಿರುತ್ತದೆ. ಹಾಗೆ ಬಿಡಬೇಡಿ. ಇಲ್ಲಿ ಜಲಕಳೆ ಹತೋಟಿಯ ಕೆಲಸ ಮಾಡುವ ನಾನು ಬೇಟೆಗಾರರಿಗೆ ಪದೇಪದೇ ಹೇಳುವ ಮಾತು ಇದು: ದೋಣಿ ಕೆಟ್ಟರೆ ನಷ್ಟ ನಿಮ್ಮದು, ಕೊಳಕು ದೋಣಿ ಇನ್ನೊಂದು ನೀರಿಗೆ ಇಳಿದರೆ ನಷ್ಟ ಜೌಗಿನದು.

ಭಾರತದಲ್ಲಿ ವನ್ಯಜೀವಿ ಕಾಯ್ದೆಯ ಪ್ರಕಾರ ಬಾತುಬೇಟೆ ಅಪರಾಧ. ಅಮೆರಿಕದಲ್ಲಿ ಅದಕ್ಕೆ ಸೀಸನ್ ಇದೆ, ಇಷ್ಟೇ ಹಕ್ಕಿ ಎಂಬ ಮಿತಿ ಇದೆ, ಬೇಟೆಗಾರರು ಕೊಳ್ಳಬೇಕಾದ 25 ಡಾಲರಿನ ಬಾತು ಸ್ಟಾಂಪು ಇದೆ. 1934ರಲ್ಲಿ ಶುರುವಾದ ಆ ಸ್ಟಾಂಪಿನ ಹಣ ಜೌಗು ನೆಲ ಕೊಂಡು ಕಾಪಾಡಲು ಹೋಗುತ್ತದೆ. ಹಾಗಾಗಿ ಇಲ್ಲಿನ ಒಳ್ಳೆಯ ಬೇಟೆಗಾರರಿಗೆ ಜೌಗಿನ ಕಾಳಜಿ ನಿಜವಾಗಿಯೂ ಇದೆ.

ಮೊದಲು ದೋಣಿಯ ಒಳತಳ ನೋಡಿ. 1991ರಿಂದ ಬಾತುಬೇಟೆಗೆ ಸೀಸದ ಗುಂಡು ದೇಶದೆಲ್ಲೆಡೆ ನಿಷೇಧವಾಗಿ ಉಕ್ಕಿನ ಗುಂಡು ಬಂತು. ಚೆಲ್ಲಿದ ಗುಂಡುಗಳು ಅಲ್ಯುಮಿನಿಯಂ ತಳದಲ್ಲಿ ಉಪ್ಪುನೀರಿನ ಜೊತೆ ಕೂತರೆ ಅಲ್ಯುಮಿನಿಯಂ ಕರಗಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ತಾಮ್ರದ ಔಷಧಿ ಕುಡಿಸಿದ ಮರದ ಹಲಗೆ ಹಾಕಿಸಿದ್ದರೂ ಅದೇ ಗತಿ. ಎಲ್ಲ ಗುಡಿಸಿ, ಸಿಹಿನೀರಲ್ಲಿ ತೊಳೆಯಿರಿ. ಆಮೇಲೆ ದೋಣಿ ಟ್ರೇಲರ್ ಮೇಲಿರುವಾಗಲೇ ಒಳಗೆ ನಾಲ್ಕು ಬೆರಳು ನೀರು ತುಂಬಿ, ಅಡಿಗೆ ಹೋಗಿ ನೋಡಿ. ರಿವೆಟ್ ಎಲ್ಲಿ ಸೋರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ.

ಮೋಟಾರಿನ ಗೇರ್ ಆಯಿಲ್ ಈಗಲೇ ಇಳಿಸಿ. ಅದು ಹಾಲಿನಂತೆ ಬೆಳ್ಳಗಿದ್ದರೆ ನೀರು ಒಳಗೆ ಹೋಗಿದೆ, ನೀರು ತಡೆಯುವ ಸೀಲ್ ಕೆಟ್ಟಿದೆ. ಪ್ರೊಪೆಲ್ಲರ್ ಬಿಚ್ಚಿದರೆ ಎಷ್ಟೋ ಸಲ ಹಿಂದೆ ಮೀನಿನ ಗಾಳದ ದಾರ ಸುತ್ತಿಕೊಂಡಿರುತ್ತದೆ, ಸೀಲ್ ಕೊಯ್ದದ್ದು ಅದೇ. ಇಲ್ಲಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ತಿಂಗಳುಗಟ್ಟಲೆ ಇಟ್ಟರೆ ಗಾಳಿಯ ತೇವ ಹೀರುತ್ತದೆ. ಪೆಟ್ರೋಲ್ ಕೆಡದಂತೆ ಅದಕ್ಕೆ ಬೆರೆಸುವ ಸ್ಟೆಬಿಲೈಸರ್ ಹಾಕಿ ಇಂಜಿನ್ ಸ್ವಲ್ಪ ಹೊತ್ತು ಓಡಿಸಿ.

ಇನ್ನು ಟ್ರೇಲರ್. ಬೇರಿಂಗಿಗೆ ಗ್ರೀಸ್ ತುಂಬುವುದನ್ನು ಯಾರೂ ಮರೆಯುವುದಿಲ್ಲ. ದೋಣಿ ಕೂರುವ ಪಟ್ಟಿಗಳ ಮೇಲಿನ ಕಾರ್ಪೆಟ್ ಮಾತ್ರ ಯಾರೂ ನೋಡುವುದಿಲ್ಲ. ಒದ್ದೆ ಕಾರ್ಪೆಟ್ಟಿನಲ್ಲಿ ಸಾಲ್ವೀನಿಯಾದ ತುಣುಕು ಸಿಕ್ಕಿಕೊಂಡು ಜೀವ ಹಿಡಿದಿರುತ್ತದೆ. ಬ್ರೆಜಿಲ್ ಮೂಲದ ಈ ತೇಲುವ ಕಳೆ ಲೂಸಿಯಾನಾದಲ್ಲಿ 1998ರಲ್ಲಿ ಕಾಣಿಸಿತು. ಬೆಚ್ಚನೆ ನೀರಲ್ಲಿ ವಾರದೊಳಗೆ ಎರಡರಷ್ಟಾಗುತ್ತದೆ. ಚಾಪೆಯಂತೆ ಮುಚ್ಚಿಕೊಂಡರೆ ಕೆಳಗೆ ಬೆಳಕಿಲ್ಲ, ಬಾತು ತಿನ್ನುವ ನೀರೊಳಗಿನ ಗಿಡಗಳೆಲ್ಲ ಸಾಯುತ್ತವೆ. ಒಂದೇ ಟ್ರೇಲರಿನ ಒಂದೇ ತುಣುಕು ಸಾಕು.

ಇದರ ಶತ್ರು ಅದೇ ಬ್ರೆಜಿಲ್‌ನ ಒಂದು ಪುಟ್ಟ ಮೂತಿ ಹುಳು. 1980ರ ದಶಕದಲ್ಲಿ ಬೆಂಗಳೂರಿನ ನೈದಿಲೆ ಕೊಳವೊಂದರಲ್ಲಿ ಇದನ್ನು ಬಿಟ್ಟಾಗ ವರ್ಷದೊಳಗೆ ನೀರು ತಿಳಿಯಾಯಿತು. ಆಮೇಲೆ ಕೇರಳದ ಹಿನ್ನೀರಿನಲ್ಲೂ ಗೆದ್ದಿತು. ಲೂಸಿಯಾನಾದಲ್ಲೂ ಅದನ್ನೇ ಸಾಕಿ ಬಿಡುತ್ತಿದ್ದಾರೆ. ಆದರೆ ಉತ್ತರ ಭಾಗದ ಚಳಿಗೆ ಹುಳು ಸಾಯುತ್ತದೆ, ಕಳೆ ಮತ್ತೆ ಏಳುತ್ತದೆ. ಆದ್ದರಿಂದ ತೊಳೆದು, ನೀರು ಬಸಿದು, ಪೂರ್ತಿ ಒಣಗಿಸುವುದೇ ನಮ್ಮ ಕೈಲಿರುವ ಉಪಾಯ.

ಜೌಗು ನೋಡಲು ಹೋಗುವಾಗ ನಿಧಾನ ಹೋಗಿ. ಮಾಟಲ್ಡ್ ಬಾತು ವಲಸೆ ಹೋಗುವುದಿಲ್ಲ, ವಸಂತದಲ್ಲಿ ಇಲ್ಲೇ ಹುಲ್ಲಿನಲ್ಲಿ ಗೂಡು ಕಟ್ಟುತ್ತದೆ. ಬೇಸಿಗೆಯಲ್ಲಿ ರೆಕ್ಕೆಯ ಗರಿ ಉದುರಿ ಸುಮಾರು ಒಂದು ತಿಂಗಳು ಹಾರಲಾರದು. ಅಂಥ ಜಾಗಕ್ಕೆ ಮೋಟಾರು ಬೇಡ, ದೂರದಿಂದ ಬೈನಾಕ್ಯುಲರ್ ಸಾಕು. ಹಕ್ಕಿ ಎಣಿಸುವುದಕ್ಕಿಂತ ನೀರು ನೋಡುವುದು ಮುಖ್ಯ ಅಂತ ನನ್ನ ಅಭಿಪ್ರಾಯ. ಟೀಲ್‌ಗೆ ಬೇಕಿರುವುದು ಒಂದಡಿಗಿಂತ ಕಡಿಮೆ ನೀರು. ಒಂದೇ ಜಾಗದಿಂದ ತಿಂಗಳಿಗೊಂದು ಫೋಟೋ ತೆಗೆದಿಡಿ. ಯಾವ ಹುಲ್ಲು ಹಿಂದೆ ಸರಿಯಿತು, ಎಲ್ಲಿ ಬರೀ ನೀರಾಯಿತು ಎಂದು ತಿಳಿಯುತ್ತದೆ. 1932ರಿಂದ 2016ರ ನಡುವೆ ಈ ಕರಾವಳಿ ಸುಮಾರು 4,800 ಚದರ ಕಿಲೋಮೀಟರ್ ನೆಲ ಕಳೆದುಕೊಂಡಿದೆ. ಅದರಲ್ಲಿ ನಿಮ್ಮ ಬೇಟೆಯ ಜಾಗವೂ ಸೇರಬಹುದು, ಅಲ್ವಾ?

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2020ರ ಆಗಸ್ಟಿನಲ್ಲಿ ಲಾರಾ ಬಂದಾಗ ಸಮುದ್ರದ ನೀರು ಒಳನಾಡಿನ ಜೌಗಿಗೂ ನುಗ್ಗಿತು. ಬಿರುಗಾಳಿ ಹೋದ ಮೇಲೆ ರಿಫ್ರಾಕ್ಟೋಮೀಟರಿನಲ್ಲಿ ಉಪ್ಪು ಅಳೆಯಿರಿ. ಸಿಹಿನೀರಿನ ಹುಲ್ಲು ಕಂದಾಗಿದ್ದರೆ ಆ ವರ್ಷಕ್ಕೆ ಬೇರೆ ಜಾಗ ನೋಡಿಕೊಳ್ಳಿ. ಹೊಸ ಜಾಗದಲ್ಲಿ ಸಾಲ್ವೀನಿಯಾ ಕಂಡರೆ ಫೋಟೋ ತೆಗೆದು ರಾಜ್ಯದ ವನ್ಯಜೀವಿ ಇಲಾಖೆಗೆ ಅವತ್ತೇ ತಿಳಿಸಿ.